ಮರಿಯ ಕಿವಿ, ಯಜಮಾನನ ಮೀಸೆ

ನಾಯಿಯ ಬಾಲವನ್ನು ನಳಿಗೆಯಲ್ಲಿಟ್ಟು ನೆಟ್ಟಗೆ ಮಾಡಲು ಹೊರಟವನನ್ನು ಕಂಡು ನಮ್ಮ ಗಾದೆ ನಗುತ್ತದೆ. ಆ ಮಹಾಶಯ ಸೋತ, ನಾಯಿ ಗೆದ್ದಿತು. ಆದರೆ ಬಾಲದ ತಂಟೆ ಬಿಟ್ಟು ಕಿವಿಗೆ ಕೈ ಹಾಕುವವರ ಮೇಲೆ ಹಿರಿಯರು ಗಾದೆ ಕಟ್ಟಿದಂತೆ ಕಾಣೆ. ಅಂಥವರೂ ಹುಟ್ಟಿಯಾರು ಎಂದು ಅವರಿಗೆ ಹೊಳೆದಿರಲಾರದು.

ಯಲಹಂಕ ಉಪನಗರದಲ್ಲೋ ಆರ್.ಟಿ. ನಗರದಲ್ಲೋ ಬೆಳಗಿನ ವಾಯುವಿಹಾರಕ್ಕೆ ಹೋಗುವವರು ಗಮನಿಸಿರಬಹುದು. ಕಪ್ಪು ಮೈ, ಕಂದು ಹುಬ್ಬು, ತೆಳು ಸೊಂಟದ ಡಾಬರ್‌ಮನ್ ನಾಯಿಗಳಲ್ಲಿ ಕೆಲವಕ್ಕೆ ಕಿವಿ ಕತ್ತಿಯ ಮೊನೆಯಂತೆ ನೆಟ್ಟಗೆ ನಿಂತಿರುತ್ತದೆ. ಇನ್ನು ಕೆಲವಕ್ಕೆ ಅದು ಬಾಳೆ ಎಲೆಯ ತುದಿಯಂತೆ ಕೆನ್ನೆಯ ಮೇಲೆ ಬಿದ್ದಿರುತ್ತದೆ. ಇವು ಎರಡು ಬೇರೆ ಜಾತಿ ಎಂದುಕೊಂಡವರೂ ಇದ್ದಾರೆ. ಜಾತಿ ಒಂದೇ. ಹುಟ್ಟುವಾಗ ಎಲ್ಲವಕ್ಕೂ ಜೋಲು ಕಿವಿಯೇ. ನೆಟ್ಟಗೆ ನಿಂತದ್ದು ದೇವರು ಕೊಟ್ಟ ಕಿವಿಯಲ್ಲ, ಕತ್ತರಿ ಕೊಟ್ಟ ಕಿವಿ.

ಈ ವಾರ ಈ ವಿಷಯ ಎತ್ತಿಕೊಳ್ಳಲು ಕಾರಣ ಆರ್.ಟಿ. ನಗರದ ಓದುಗರೊಬ್ಬರ ಪತ್ರ. ಅವರು ಮಗಳ ಹಟಕ್ಕೆ ಸೋತು ಹತ್ತು ವಾರದ ಡಾಬರ್‌ಮನ್ ಮರಿಯೊಂದನ್ನು ಕೊಂಡು ತಂದಿದ್ದಾರೆ. ಮಾರಿದವರು ಕಿವಿಯನ್ನು ಮೊದಲೇ ಕತ್ತರಿಸಿ, ಹೊಲಿಗೆ ಹಾಕಿಸಿ, ತಲೆಯ ಮೇಲೊಂದು ಲೋಟ ಕೂರಿಸಿ, ಕಿವಿಗಳನ್ನು ಅದಕ್ಕೆ ಪ್ಲಾಸ್ಟರಿನಿಂದ ಅಂಟಿಸಿ ಕೊಟ್ಟಿದ್ದಾರೆ. ‘ಇದನ್ನು ಎಷ್ಟು ದಿನ ಇಡಬೇಕು? ಸ್ನಾನ ಮಾಡಿಸಬಹುದೆ? ಕಿವಿ ನಿಲ್ಲಲು ಕ್ಯಾಲ್ಸಿಯಂ ಔಷಧಿ ಕೊಡಬೇಕಂತೆ, ನಿಜವೆ? ಮರಿ ರಾತ್ರಿಯೆಲ್ಲ ಕುಂಯ್‌ಗುಡುತ್ತದೆ, ಮಗಳು ನಿದ್ದೆ ಮಾಡುವುದಿಲ್ಲ. ನಾವು ಮಾಡಿದ್ದು ತಪ್ಪೆ?’ ಎಂದು ಕೇಳಿದ್ದಾರೆ.

ಮನೆಗೆ ಬಂದ ಮರಿಗೆ ಮೊದಲು ಆರೈಕೆ, ಪಂಚಾಯ್ತಿ ಆಮೇಲೆ. ಆದ್ದರಿಂದ ಕೊನೆಯ ಪ್ರಶ್ನೆಯನ್ನು ಕೊನೆಗೇ ಇಟ್ಟುಕೊಳ್ಳೋಣ. ಆದರೆ ಆರೈಕೆ ಸರಿಯಾಗಬೇಕಾದರೆ ಕಿವಿ ಎಂದರೇನು ಎಂಬುದು ಸ್ವಲ್ಪ ಗೊತ್ತಿರಬೇಕು.

ಮೂಳೆಯಿಲ್ಲದ ಆಲಿಕೆ

ಓದುಗರು ದಯವಿಟ್ಟು ತಮ್ಮ ಕಿವಿಯನ್ನು ಒಮ್ಮೆ ಮಡಚಿ ಬಿಡಿ. ಚಟಕ್ಕನೆ ಮೊದಲಿನಂತಾಯಿತಲ್ಲವೆ? ತರಗತಿಯಲ್ಲಿ ಈ ಪಾಠ ಮಾಡುವಾಗ ಎಲ್ಲ ಮಕ್ಕಳೂ ಒಟ್ಟಿಗೆ ಕಿವಿ ಹಿಡಿದುಕೊಳ್ಳುತ್ತಾರೆ. ಹೊರಗಿನಿಂದ ನೋಡಿದವರಿಗೆ ಇಡೀ ಕ್ಲಾಸಿಗೆ ಶಿಕ್ಷೆ ಕೊಟ್ಟಂತೆ ಕಾಣುತ್ತದೆ. ಕಿವಿಯ ಹಾಲೆಯಲ್ಲಿ ಮೂಳೆಯಿಲ್ಲ. ಎರಡು ಪದರ ಚರ್ಮದ ನಡುವೆ ಬಾಗಿ ಬಳುಕುವ ಮೃದ್ವಸ್ಥಿಯ ಹಾಳೆ ಇದೆ, ಅಷ್ಟೆ. ನಾಯಿಯದೂ ಹಾಗೆಯೇ. ಹಾಳೆ ದಪ್ಪವಾಗಿ ಚಿಕ್ಕದಾಗಿದ್ದರೆ ಕಿವಿ ನಿಲ್ಲುತ್ತದೆ. ಅಗಲವಾಗಿ ಭಾರವಾಗಿದ್ದರೆ ಬೀಳುತ್ತದೆ. ಡಾಬರ್‌ಮನ್, ಗ್ರೇಟ್ ಡೇನ್, ಬಾಕ್ಸರ್ ನಾಯಿಗಳ ಕಿವಿ ಬೀಳುವುದು ಇದರಿಂದಲೇ.

ಈ ಮೃದ್ವಸ್ಥಿಗೆ ಒಂದು ಗುಣವಿದೆ. ಅದರೊಳಗೆ ರಕ್ತನಾಳಗಳಿಲ್ಲ. ತನ್ನನ್ನು ಹೊದ್ದಿರುವ ತೆಳುಪೊರೆಯಿಂದ ಜಿನುಗಿ ಬರುವ ಆಹಾರವನ್ನೇ ನಂಬಿ ಅದು ಬದುಕುತ್ತದೆ. ಮೊಣಕಾಲಿನ ತರಚುಗಾಯ ನಾಲ್ಕು ದಿನದಲ್ಲಿ ಒಣಗಿದರೂ ಕಿವಿಯ ಅಂಚಿನ ಗಾಯ ಸಾವಕಾಶವಾಗಿ ಮಾಯುವುದು ಈ ಬಡತನದಿಂದ. ಅಲ್ಲಿಗೆ ಸೋಂಕು ಹೊಕ್ಕರೆ ಅದನ್ನು ಎದುರಿಸುವ ರಕ್ತಕಣಗಳೂ ಔಷಧಿಯೂ ಹತ್ತಿರ ಸುಳಿಯುವುದು ನಿಧಾನ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟರೆ ಮುಂದಿನ ಎಲ್ಲ ಎಚ್ಚರಿಕೆಗಳ ಅರ್ಥ ತಾನಾಗಿ ತಿಳಿಯುತ್ತದೆ.

ಕಿವಿ ನಾಯಿಗೆ ಬರೀ ಅಲಂಕಾರವಲ್ಲ. ನಮಗೆ ಸೆಕೆಂಡಿಗೆ ಸುಮಾರು 20,000 ಕಂಪನದ ಸದ್ದಿನವರೆಗೆ ಕೇಳಿಸಿದರೆ ನಾಯಿಗೆ ಸುಮಾರು 45,000ದವರೆಗೆ ಕೇಳಿಸುತ್ತದೆ. ಸದ್ದು ಬಂದ ದಿಕ್ಕಿಗೆ ಹಾಲೆಯನ್ನು ತಿರುಗಿಸಲು ಹಲವಾರು ಸಣ್ಣ ಸ್ನಾಯುಗಳಿವೆ. ಅದಲ್ಲದೆ ಕಿವಿ ಅದರ ಮಾತೂ ಹೌದು. ಹೆದರಿದರೆ ಹಿಂದಕ್ಕೆ ಮಡಚುತ್ತದೆ, ಕುತೂಹಲವಾದರೆ ಮುಂದಕ್ಕೆ ತರುತ್ತದೆ, ಪ್ರೀತಿ ಉಕ್ಕಿದರೆ ಸಡಿಲ ಬಿಡುತ್ತದೆ.

ಕತ್ತರಿ ಬಂದ ದಾರಿ

ಈ ಪದ್ಧತಿ ನಮ್ಮದಲ್ಲ. ಒಂದನೆಯ ಶತಮಾನದ ರೋಮನ್ ಕೃಷಿ ಲೇಖಕ ಕೊಲುಮೆಲ್ಲ, ಮರಿ ಹುಟ್ಟಿ ನಲವತ್ತು ದಿನಕ್ಕೆ ಬಾಲದ ತುದಿ ತೆಗೆದರೆ ಅದಕ್ಕೆ ಹುಚ್ಚು ಹಿಡಿಯುವುದಿಲ್ಲವೆಂಬ ಕುರುಬರ ನಂಬಿಕೆಯನ್ನು ಬರೆದಿಟ್ಟಿದ್ದಾನೆ. ಹುಚ್ಚುನಾಯಿ ರೋಗ ಬಾಲದಿಂದ ಬರುವುದಲ್ಲ, ಕಚ್ಚಿದಾಗ ಜೊಲ್ಲಿನ ಮೂಲಕ ಹರಡುವ ವೈರಸ್‌ನಿಂದ ಬರುವುದು ಎಂದು ಇಂದು ಹೈಸ್ಕೂಲು ಹುಡುಗನೂ ಹೇಳಿಯಾನು. ಮುಂದೆ ಯುರೋಪಿನಲ್ಲಿ ಕಾದಾಟದ ನಾಯಿ, ಬೇಟೆಯ ನಾಯಿ, ಕಾವಲಿನ ನಾಯಿಗಳ ಕಿವಿಯನ್ನೂ ಕತ್ತರಿಸತೊಡಗಿದರು. ಎದುರಾಳಿಗೆ ಹಿಡಿದೆಳೆಯಲು ಏನೂ ಸಿಗಬಾರದು ಎಂಬುದು ಅವರ ಲೆಕ್ಕ.

ಡಾಬರ್‌ಮನ್ ತಳಿಯನ್ನು ರೂಪಿಸಿದವನು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಅಪೋಲ್ಡಾ ಎಂಬ ಊರಿನಲ್ಲಿದ್ದ ಲೂಯಿ ಡಾಬರ್‌ಮನ್. ತೆರಿಗೆ ವಸೂಲಿ ಅವನ ಕೆಲಸಗಳಲ್ಲೊಂದು. ಹಣದ ಚೀಲ ಹೊತ್ತು ತಿರುಗುವವನಿಗೆ ಜೊತೆಗೊಂದು ಗಟ್ಟಿ ನಾಯಿ ಬೇಕಿತ್ತೆಂಬುದು ಅರ್ಥವಾಗುವ ಮಾತು. ನಮ್ಮ ಸಹಕಾರನಗರದ ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಸೋಫಾದ ಮೇಲೆ ಮಲಗುವ ಡಾಬರ್‌ಮನ್ನಿಗೆ ಯಾವ ದರೋಡೆಕೋರನ ಕಾಟವಿದೆಯೋ ತಿಳಿಯದು. ಗೇಟಿನ ಮುಂದೆ ‘ನಾಯಿ ಇದೆ ಎಚ್ಚರಿಕೆ’ ಎಂದು ಬೋರ್ಡು ಹಾಕಿದ ಮೇಲೆ ನಾಯಿಯ ಮುಖವೂ ಬೋರ್ಡಿಗೆ ತಕ್ಕಂತಿರಲಿ ಎಂಬ ಆಸೆ ಯಜಮಾನರಿಗೆ. ಮೀಸೆ ತಿರುವಬೇಕಾದದ್ದು ಅವರು, ಕಿವಿ ಕಳೆದುಕೊಳ್ಳಬೇಕಾದದ್ದು ಮರಿ.

ಯುರೋಪ್ ಈ ಹುಚ್ಚನ್ನು ಬಿಡುತ್ತಾ ಬಂದಿದೆ. ಇಂಗ್ಲೆಂಡಿನ ಕೆನಲ್ ಕ್ಲಬ್ 1898ರಲ್ಲೇ ಕಿವಿ ಕತ್ತರಿಸಿದ ನಾಯಿಗಳನ್ನು ತನ್ನ ಪ್ರದರ್ಶನಗಳಿಂದ ಹೊರಗಿಟ್ಟಿತು. ಸಾಕುಪ್ರಾಣಿಗಳ ರಕ್ಷಣೆಗಾಗಿ 1987ರಲ್ಲಿ ಆದ ಯುರೋಪಿನ ಒಪ್ಪಂದ ಕಿವಿ ಕತ್ತರಿಸುವುದನ್ನು ಹೆಸರಿಸಿಯೇ ನಿಷೇಧಿಸುತ್ತದೆ. ಡಾಬರ್‌ಮನ್ ಹುಟ್ಟಿದ ಜರ್ಮನಿಯಲ್ಲೇ ಈಗ ಅದರ ಕಿವಿ ಕತ್ತರಿಸುವಂತಿಲ್ಲ. ಅಮೆರಿಕದಲ್ಲಿ ಪದ್ಧತಿ ಇನ್ನೂ ಉಳಿದಿದೆ. ಆದರೆ ಅಲ್ಲಿನ ಪಶುವೈದ್ಯರ ಸಂಘವೇ ಚೆಂದಕ್ಕಾಗಿ ಮಾಡುವ ಈ ಶಸ್ತ್ರಕ್ರಿಯೆಯನ್ನು ವಿರೋಧಿಸುತ್ತದೆ.

ಆರೈಕೆಯ ಪಾಠ

ಈಗ ಪತ್ರ ಬರೆದವರ ಮರಿಯ ವಿಷಯಕ್ಕೆ ಬರೋಣ. ಮೊದಲನೆಯ ಮಾತು: ಮಾರಿದವರು ಹೇಳಿದ್ದನ್ನು ನಂಬಿ ಕೂರದೆ, ಮರಿಯನ್ನು ಒಮ್ಮೆ ಪಶುವೈದ್ಯರಿಗೆ ತೋರಿಸಿ. ನಮ್ಮ ಕಡೆಯವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರದಲ್ಲೇ ಇದೆ. ಕಾಲೇಜು ಶುರುವಾದದ್ದು 1958ರಲ್ಲಿ. ಬಳ್ಳಾರಿ ರಸ್ತೆಯಲ್ಲಿ ಓಡಾಡುವವರಿಗೆ ಅದರ ಗೇಟು ಪರಿಚಿತ. ಕತ್ತರಿಸಿದವರು ಯಾರು, ಅರಿವಳಿಕೆ ಕೊಟ್ಟಿದ್ದರೆ, ಯಾವ ದಿನ ಮಾಡಿದರು, ಯಾವ ಔಷಧಿ ಕೊಟ್ಟಿದ್ದಾರೆ, ಯಾವ ಚುಚ್ಚುಮದ್ದು ಆಗಿದೆ ಎಂಬುದನ್ನು ಮಾರಿದವರಿಂದ ಕೇಳಿ ಬರೆದುಕೊಂಡು ಹೋಗಿ. ವೈದ್ಯರಿಗೆ ಇದರಿಂದ ಅರ್ಧ ಕೆಲಸ ಹಗುರ.

ಎರಡನೆಯದು, ಗಾಯ ಒಣಗಿರಬೇಕು. ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ 10ರಿಂದ 14 ದಿನಕ್ಕೆ. ಅಲ್ಲಿಯವರೆಗೆ ಸ್ನಾನವಿಲ್ಲ, ಮಳೆಯಲ್ಲಿ ಆಟವಿಲ್ಲ. ಮೈ ಗಲೀಜಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಗಾಯದ ಅಂಚಿನಲ್ಲಿ ಒಣಗಿದ ರಕ್ತವೋ ಹಕ್ಕಳೆಯೋ ಕಂಡರೆ ಕೀಳಬೇಡಿ. ವೈದ್ಯರು ಸ್ವಚ್ಛ ಮಾಡಲು ಹೇಳಿದ್ದರೆ ಉಪ್ಪುನೀರು ಒಳ್ಳೆಯದು. ಒಂದು ಲೀಟರ್ ನೀರನ್ನು ಕುದಿಸಿ 9 ಗ್ರಾಂ ಉಪ್ಪು, ಅಂದರೆ ಮಟ್ಟಸವಾಗಿ ಒಂದೂವರೆ ಟೀ ಚಮಚ, ಹಾಕಿ ಆರಿಸಿ. ರಕ್ತದಲ್ಲಿರುವ ಲವಣದ ಸಾಂದ್ರತೆಗೆ ಇದು ಹೊಂದುತ್ತದೆ. ಅದಕ್ಕೇ ಗಾಯದ ಜೀವಕೋಶಗಳು ನೀರು ಕುಡಿದು ಉಬ್ಬುವುದೂ ಇಲ್ಲ, ನೀರು ಕಳೆದುಕೊಂಡು ಸುಕ್ಕುವುದೂ ಇಲ್ಲ. ಶುಭ್ರವಾದ ಹತ್ತಿಯನ್ನು ಇದರಲ್ಲಿ ಅದ್ದಿ, ಹಿಂಡಿ, ಮೆಲ್ಲನೆ ಒತ್ತಿ ತೆಗೆಯಬೇಕು. ಉಜ್ಜಬಾರದು. ಉಳಿದ ನೀರನ್ನು ನಾಳೆಗೆಂದು ಇಡಬೇಡಿ.

ಮೂರನೆಯದು, ಅಡುಗೆಮನೆಯ ಡಬ್ಬಿಗಳನ್ನು ಅಲ್ಲೇ ಇರಲು ಬಿಡಿ. ಅರಿಶಿನ, ಕಾಫಿಪುಡಿ, ಬೂದಿ ಇವೆಲ್ಲ ಗಾಯದ ಮೇಲೆ ಮುದ್ದೆಯಾಗಿ ಕೂತು ಒಳಗಿನ ಕೀವನ್ನು ಮುಚ್ಚಿಡುತ್ತವೆ. ನೊರೆ ಉಕ್ಕುವ ಹೈಡ್ರೋಜನ್ ಪೆರಾಕ್ಸೈಡನ್ನು ದಿನವೂ ಹಾಕಿದರೆ ರೋಗಾಣುಗಳ ಜೊತೆಗೆ ಹೊಸದಾಗಿ ಚಿಗುರುವ ಕೋಶಗಳೂ ಸಾಯುತ್ತವೆ. ಫಿನಾಯಿಲ್, ಸೀಮೆಎಣ್ಣೆಗಳ ಮಾತೇ ಬೇಡ.

ನಾಲ್ಕನೆಯದು ಬಹಳ ಮುಖ್ಯ. ಮರಿ ನರಳುತ್ತದೆಂದು ಮನೆಯಲ್ಲಿರುವ ನೋವಿನ ಮಾತ್ರೆಯನ್ನು ಮುರಿದು ಕೊಡಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸಬಲ್ಲದು. ಪ್ಯಾರಾಸಿಟಮಾಲ್ ಅಳತೆ ಮೀರಿದರೆ ಯಕೃತ್ತಿಗೆ ವಿಷ. ನಾಯಿಗಳಿಗೆಂದೇ ನೋವುನಿವಾರಕಗಳಿವೆ. ರಾತ್ರಿಯೆಲ್ಲ ಕುಂಯ್‌ಗುಡುವ ಮರಿಗೆ ನೋವಿದೆ ಎಂದೇ ತಿಳಿದು ವೈದ್ಯರಿಂದ ಅದನ್ನು ಬರೆಸಿಕೊಳ್ಳಿ. ‘ಅದು ಪ್ರಾಣಿ, ಸಹಿಸಿಕೊಳ್ಳುತ್ತದೆ’ ಎನ್ನುವವರು ತಮ್ಮ ಹಲ್ಲುನೋವನ್ನು ಒಂದು ರಾತ್ರಿ ಸಹಿಸಿ ನೋಡಲಿ.

ಐದನೆಯದು, ಕೆರೆತ. ಮಾಯುವ ಗಾಯ ತುರಿಸುತ್ತದೆ. ಹಿಂಗಾಲಿನಿಂದ ಒಂದು ಸಲ ಪರಚಿಕೊಂಡರೆ ಹೊಲಿಗೆ ಕಿತ್ತುಬರುತ್ತದೆ. ಕೊರಳಿಗೆ ಹಾಕುವ ಪ್ಲಾಸ್ಟಿಕ್ ಬುಟ್ಟಿಯಂಥ ಕಾಲರ್ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ಮರಿ ಅದನ್ನು ಹಾಕಿಕೊಂಡು ಮೊದಲ ದಿನ ಬಾಗಿಲಿಗೆಲ್ಲ ಡಿಕ್ಕಿ ಹೊಡೆಯುತ್ತದೆ, ಎರಡನೆಯ ದಿನ ಒಗ್ಗಿಕೊಳ್ಳುತ್ತದೆ. ಊಟ, ನೀರಿನ ತಟ್ಟೆ ಆ ಕಾಲರಿನೊಳಗೆ ಹಿಡಿಸುವಷ್ಟು ಚಿಕ್ಕದಿರಲಿ. ಮನೆಯಲ್ಲಿ ಬೇರೆ ನಾಯಿಯಿದ್ದರೆ ಗಾಯ ಮಾಯುವವರೆಗೆ ಬೇರೆ ಕೋಣೆ.

ಆರನೆಯದು ನೊಣ. ರಕ್ತದ ವಾಸನೆಗೆ ಬಂದ ನೊಣ ಗಾಯದಲ್ಲಿ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳು ಹೊರಬರಬಹುದು. ಮರಿಯನ್ನು ಅಂಗಳದಲ್ಲಿ, ಕಾರ್ ಶೆಡ್ಡಿನಲ್ಲಿ ಕಟ್ಟಬೇಡಿ. ಒಳಗೆ, ನೆಲ ಒರೆಸಿದ ಜಾಗದಲ್ಲಿ, ಹಳೆಯ ಹತ್ತಿಸೀರೆ ಹಾಸಿ ಮಲಗಿಸಿ. ಸೊಳ್ಳೆಪರದೆಯ ತುಂಡೊಂದನ್ನು ಬುಟ್ಟಿಯ ಮೇಲೆ ಹೊದಿಸಿದರೆ ಇನ್ನೂ ಒಳ್ಳೆಯದು.

ದಿನಕ್ಕೆ ಎರಡು ಸಲ ಬೆಳಕಿನಲ್ಲಿ ಕೂತು ಕಿವಿ ನೋಡಿ, ಮೂಸಿ. ಮೂಸುವುದೆಂದರೆ ನಾಚಿಕೆ ಬೇಡ, ಸೋಂಕನ್ನು ಕಣ್ಣಿಗಿಂತ ಮೊದಲು ಮೂಗು ಹಿಡಿಯುತ್ತದೆ. ಕೆಟ್ಟ ವಾಸನೆ, ಕೀವು, ದಿನೇ ದಿನೇ ಏರುವ ಊತ, ತಣ್ಣಗಾದ ಅಥವಾ ಕಪ್ಪಾದ ಕಿವಿತುದಿ, ಒಂದೇ ಸಮನೆ ತಲೆ ಕೊಡವುವುದು, ಊಟ ಬಿಡುವುದು — ಇವುಗಳಲ್ಲಿ ಯಾವುದು ಕಂಡರೂ ನಾಳೆ ಎನ್ನದೆ ವೈದ್ಯರಲ್ಲಿಗೆ ಹೋಗಬೇಕು. ನಾಯಿಯ ಮೈ ಬಿಸಿ ನಮಗಿಂತ ತುಸು ಹೆಚ್ಚು, ಸುಮಾರು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮುಟ್ಟಿ ನೋಡಿ ಜ್ವರವೆಂದು ಗಾಬರಿಯಾಗಬೇಡಿ. ಆದರೆ 103 ದಾಟಿದರೆ ಸುಮ್ಮನಿರಬೇಡಿ.

ಲೋಟ, ಪ್ಲಾಸ್ಟರು ಮತ್ತು ಕ್ಯಾಲ್ಸಿಯಂ

ಕಿವಿಯನ್ನು ಕತ್ತರಿಸಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಮಾಯುವ ಗಾಯದ ಕಲೆ ಎಲ್ಲ ಕಡೆಯಿಂದ ಸಂಕುಚಿಸಿ ಅಂಚನ್ನು ಸುರುಟಿಸುತ್ತದೆ. ಆ ಎಳೆತಕ್ಕೆ ಎದುರಾಗಿ ಕಿವಿಯನ್ನು ನೆಟ್ಟಗೆ ಹಿಡಿದಿಡಲು ಈ ಲೋಟ, ಕಡ್ಡಿ, ಪ್ಲಾಸ್ಟರುಗಳ ಸಂಭ್ರಮ. ಇದು ಒಂದೆರಡು ದಿನದ್ದಲ್ಲ, ವಾರಗಟ್ಟಲೆ, ಎಷ್ಟೋ ಸಲ ತಿಂಗಳುಗಟ್ಟಲೆ ನಡೆಯುತ್ತದೆ. ಪ್ಲಾಸ್ಟರನ್ನು ಐದರಿಂದ ಏಳು ದಿನಕ್ಕೊಮ್ಮೆಯಾದರೂ ಬಿಚ್ಚಿ, ಚರ್ಮಕ್ಕೆ ಗಾಳಿಯಾಡಿಸಿ, ಮತ್ತೆ ಕಟ್ಟಬೇಕು. ಒದ್ದೆಯಾದರೆ, ವಾಸನೆ ಬಂದರೆ ಅಂದೇ ಬಿಚ್ಚಬೇಕು. ಒದ್ದೆ ಪ್ಲಾಸ್ಟರಿನ ಕೆಳಗಿನ ಬೆಚ್ಚನೆಯ ಕತ್ತಲು ಬ್ಯಾಕ್ಟೀರಿಯಾ, ಯೀಸ್ಟುಗಳಿಗೆ ಇಡ್ಲಿ ಹಿಟ್ಟಿನ ಪಾತ್ರೆಯಿದ್ದಂತೆ, ಬೆಳಗಾಗುವುದರೊಳಗೆ ಉಕ್ಕುತ್ತವೆ. ಬಿಗಿಯಾಗಿ ಸುತ್ತಿದರೆ ಮೊದಲೇ ಬಡವಾದ ಮೃದ್ವಸ್ಥಿಗೆ ರಕ್ತದ ದಾರಿ ಕಟ್ಟಿ ಕಿವಿಯ ತುದಿ ಸತ್ತುಹೋಗಬಹುದು. ಆದ್ದರಿಂದ ಕಟ್ಟುವ ಕೆಲಸ ವೈದ್ಯರದು, ಕಾಯುವ ಕೆಲಸ ಮಾತ್ರ ನಿಮ್ಮದು.

ಪತ್ರ ಬರೆದವರಿಗೆ ಧೈರ್ಯವಾಗಿ ಒಂದು ಮಾತು ಹೇಳುತ್ತೇನೆ. ಗಾಯ ಮಾಯುವುದು ಆರೋಗ್ಯದ ಪ್ರಶ್ನೆ, ಕಿವಿ ನಿಲ್ಲುವುದು ಶೋಕಿಯ ಪ್ರಶ್ನೆ. ಎರಡನ್ನೂ ಬೆರೆಸಬೇಡಿ. ಮರಿ ಪ್ಲಾಸ್ಟರಿನಿಂದ ಒದ್ದಾಡುತ್ತಿದ್ದರೆ ‘ಇದನ್ನು ತೆಗೆದುಬಿಡಿ’ ಎಂದು ವೈದ್ಯರನ್ನು ಕೇಳುವ ಹಕ್ಕು ನಿಮಗಿದೆ. ಕತ್ತರಿಸಿದ ಕಿವಿ ಅರ್ಧ ನಿಂತು ಅರ್ಧ ಬಾಗಿದರೆ ನಾಯಿಗೆ ಯಾವ ನಷ್ಟವೂ ಇಲ್ಲ. ಅದು ಕನ್ನಡಿ ನೋಡುವುದಿಲ್ಲ.

ಇನ್ನು ಕ್ಯಾಲ್ಸಿಯಂ. ಇದು ನಮ್ಮ ಕಡೆ ಬೇರೂರಿದ ನಂಬಿಕೆ. ಕ್ಯಾಲ್ಸಿಯಂ ಬೇಕಾದದ್ದು ಮೂಳೆಗೆ, ಹಲ್ಲಿಗೆ. ಕಿವಿಯಲ್ಲಿ ಮೂಳೆಯೇ ಇಲ್ಲವೆಂದು ಆಗಲೇ ನೋಡಿದೆವು. ಬಾಟಲಿಗಟ್ಟಲೆ ಕುಡಿಸಿದರೂ ಕಿವಿಗೆ ಅದು ಕಂಬವಾಗುವುದಿಲ್ಲ. ಬದಲಿಗೆ, ದೊಡ್ಡ ತಳಿಯ ಮರಿಗಳಿಗೆ ಹೆಚ್ಚಾದ ಕ್ಯಾಲ್ಸಿಯಂ ಹೀರುವುದನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ. ಅದರಿಂದ ಕೈಕಾಲಿನ ಮೂಳೆ, ಕೀಲುಗಳು ಅಡ್ಡಾದಿಡ್ಡಿ ಬೆಳೆಯಬಹುದು. ಕಿವಿ ನೆಟ್ಟಗಾಗಲೆಂದು ಕೊಟ್ಟದ್ದು ಕಾಲನ್ನು ಡೊಂಕು ಮಾಡೀತು. ಮರಿಗಳಿಗೆಂದೇ ಮಾಡಿದ ಸಮತೋಲದ ಆಹಾರ ಕೊಡುತ್ತಿದ್ದರೆ ಬೇರೆ ಕ್ಯಾಲ್ಸಿಯಂ ಬೇಕಿಲ್ಲ. ಬರೀ ಅನ್ನ ಹಾಲು ಹಾಕುತ್ತಿದ್ದರೆ ಬದಲಿಸಬೇಕಾದದ್ದು ಊಟವನ್ನು, ವೈದ್ಯರನ್ನು ಕೇಳಿ.

ಒಂದು ಮರೆಯಬಾರದ ಸಂಗತಿ ಚುಚ್ಚುಮದ್ದು. ಪಾರ್ವೊ, ಡಿಸ್ಟೆಂಪರ್‌ಗಳ ವಿರುದ್ಧದ ಲಸಿಕೆಯ ಸರಣಿ ಮುಗಿಯುವ ಮೊದಲೇ, ತಾಯಿಹಾಲಿನ ರಕ್ಷಣೆ ಕರಗುತ್ತಿರುವಾಗಲೇ, ಈ ಶಸ್ತ್ರಕ್ರಿಯೆ ಆಗಿರುತ್ತದೆ. ಅಂಥ ಮರಿಯನ್ನು ಬೀದಿಯಲ್ಲಿ, ಪಾರ್ಕಿನಲ್ಲಿ ನೆಲಕ್ಕೆ ಬಿಡಬೇಡಿ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ದಿನ ತಪ್ಪಿಸಬೇಡಿ.

ಈರುಳ್ಳಿ ಮಂಡಿಯ ಕಾವಲುಗಾರ

ಯಶವಂತಪುರದಲ್ಲಿ ಈರುಳ್ಳಿ ವ್ಯಾಪಾರ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲವು ವರ್ಷಗಳ ಹಿಂದೆ ಗೋದಾಮು ಕಾಯಲು ಡಾಬರ್‌ಮನ್ ಮರಿ ತಂದ. ಪರಿಚಯದವನೊಬ್ಬ ‘ಡಾಕ್ಟರಿಗೇಕೆ ದುಡ್ಡು ಸುರಿಯುತ್ತೀ, ನಾನೇ ಮಾಡಿಕೊಡುತ್ತೇನೆ’ ಎಂದು ಮನೆಗೆ ಬಂದು, ಇಬ್ಬರ ಕೈಲಿ ಮರಿಯನ್ನು ಹಿಡಿಸಿ, ಅರಿವಳಿಕೆಯಿಲ್ಲದೆ ಕಿವಿ ಕತ್ತರಿಸಿ ಹೋದ. ಹುಡುಗನ ತಾಯಿ ಮನಸ್ಸು ತಡೆಯದೆ ಅರಿಶಿನ, ಕಾಫಿಪುಡಿ ಮೆತ್ತಿದರು. ಆರನೆಯ ದಿನ ನನಗೆ ಫೋನು. ‘ಸರ್, ಮರಿ ಊಟ ಬಿಟ್ಟಿದೆ. ಹತ್ತಿರ ಹೋದರೆ ವಾಸನೆ.’ ಹೆಬ್ಬಾಳದ ಆಸ್ಪತ್ರೆಗೆ ಹೋಗು ಎಂದೆ. ನಾನೂ ಹೋದೆ. ವೈದ್ಯರು ಮುದ್ದೆಯನ್ನು ನೆನೆಸಿ ತೆಗೆದಾಗ ಒಳಗೆ ಹುಳು ಹರಿದಾಡುತ್ತಿತ್ತು. ಒಂದೊಂದನ್ನೇ ಇಕ್ಕಳದಿಂದ ತೆಗೆದರು. ಲೆಕ್ಕದಲ್ಲಿ ಗಟ್ಟಿಯಾದ ಆ ಹುಡುಗ ಗೋಡೆಯ ಕಡೆ ತಿರುಗಿ ನಿಂತಿದ್ದ.

ಮರಿ ಬದುಕಿತು. ಎಡಗಿವಿಯಲ್ಲಿ ಬುಡದ ಹತ್ತಿರದ ತುಂಡಷ್ಟೇ ಉಳಿಯಿತು. ಬಲಗಿವಿ ನಿಲ್ಲಲೇ ಇಲ್ಲ. ಆದರೆ ವಾಸಿಯಾಗಲು ಕಿವಿಗಿಂತ ಹೆಚ್ಚು ಕಾಲ ಬೇಕಾದದ್ದು ಬೇರೆಯದಕ್ಕೆ. ತಲೆಯ ಹತ್ತಿರ ಕೈ ಒಯ್ದರೆ ಸಾಕು, ಅದು ನೆಲಕ್ಕೆ ಅಂಟಿ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಅದರ ತಲೆ ಸವರಲು ಹುಡುಗನಿಗೆ ನಾಲ್ಕು ತಿಂಗಳು ಹಿಡಿಯಿತು. ಪ್ರತಿ ಸಂಜೆ ಒಂದು ತುಂಡು ಬಿಸ್ಕತ್ತು ಅಂಗೈಯಲ್ಲಿಟ್ಟುಕೊಂಡು, ಈರುಳ್ಳಿ ಮೂಟೆಗಳ ನಡುವೆ ಕೂತು, ಅದಾಗಿ ಬರುವವರೆಗೆ ಕಾಯುತ್ತಿದ್ದ.

ಇದಕ್ಕೆ ವಿಜ್ಞಾನದ ಕಾರಣವಿದೆ. ನಾಯಿಮರಿ ಲೋಕವನ್ನು ನಂಬಲು ಕಲಿಯುವುದು ಮೂರನೆಯ ವಾರದಿಂದ ಸುಮಾರು ಹನ್ನೆರಡು–ಹದಿನಾಲ್ಕನೆಯ ವಾರದವರೆಗೆ. ಮನುಷ್ಯನ ಕೈ ಎಂದರೆ ಏನು, ಮಕ್ಕಳ ಸದ್ದು ಎಂದರೆ ಏನು ಎಂಬುದು ಆಗಲೇ ಮನಸ್ಸಿನಲ್ಲಿ ಅಚ್ಚಾಗುತ್ತದೆ. ಕಿವಿ ಕತ್ತರಿಸುವುದು ಸಾಮಾನ್ಯವಾಗಿ ಏಳರಿಂದ ಹನ್ನೆರಡನೆಯ ವಾರದೊಳಗೆ. ಅಂದರೆ ಪ್ರೀತಿಯ ಪಾಠ ನಡೆಯುವ ಹೊತ್ತಿಗೆ ಸರಿಯಾಗಿ ನಾವು ನೋವಿನ ಪಾಠ ಮಾಡುತ್ತೇವೆ. ಆರ್.ಟಿ. ನಗರದ ಪುಟ್ಟ ಹುಡುಗಿ ಮಾಡಬೇಕಾದ ಕೆಲಸವೂ ಇದೇ. ಕಿವಿಯನ್ನು ಅಪ್ಪ ಅಮ್ಮ ನೋಡಿಕೊಳ್ಳಲಿ. ಅವಳು ಮರಿಯ ಎದೆ, ಬೆನ್ನು ಸವರಲಿ, ಕೈಯಿಂದ ತಿಂಡಿ ಕೊಡಲಿ, ಹತ್ತಿರ ಕೂತು ಮೆಲ್ಲಗೆ ಮಾತಾಡಲಿ. ಕೈ ಎಂದರೆ ನೋವಷ್ಟೇ ಅಲ್ಲವೆಂದು ಮರಿಗೆ ತಿಳಿಯಲಿ.

ಬೀದಿ ನಾಯಿಯ ಕಿವಿ

ಈ ಪಾಠ ಮಾಡಿದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ‘ಸರ್, ನಮ್ಮ ಬೀದಿಯ ನಾಯಿಗಳ ಕಿವಿಯನ್ನೂ ಕತ್ತರಿಸಿದ್ದಾರಲ್ಲ, ಅದು ಮಾತ್ರ ಸರಿಯೆ?’ ಎಂದಳು. ಒಳ್ಳೆಯ ಪ್ರಶ್ನೆ. ಸಂತಾನಹರಣ ಶಸ್ತ್ರಕ್ರಿಯೆಯಾದ, ರೇಬೀಸ್ ಲಸಿಕೆ ಹಾಕಿಸಿಕೊಂಡ ಬೀದಿ ನಾಯಿಯ ಕಿವಿಯಲ್ಲಿ ಗುರುತಿಗೆಂದು ಒಂದು ಚೂರು ತೆಗೆಯುತ್ತಾರೆ. 2001ರಲ್ಲಿ ಕೇಂದ್ರ ಸರಕಾರ ಮಾಡಿದ, 2023ರಲ್ಲಿ ಹೊಸದಾಗಿ ಬರೆದ ನಿಯಮಗಳ ಪ್ರಕಾರ ಈ ಕೆಲಸ ನಡೆಯುತ್ತದೆ. ಅದೇ ಅರಿವಳಿಕೆಯಲ್ಲಿ, ನಾಯಿಗೆ ಎಚ್ಚರವಿಲ್ಲದಾಗ ಮುಗಿಯುತ್ತದೆ. ದೂರದಿಂದಲೇ ಆ ಗುರುತು ಕಂಡರೆ ಅದೇ ನಾಯಿಯನ್ನು ಮತ್ತೆ ಹಿಡಿದು ಹೊಟ್ಟೆ ಕೊಯ್ಯುವುದು ತಪ್ಪುತ್ತದೆ. ಅಲ್ಲಿ ಹೋದ ಉಗುರಗಲದ ಚೂರು ಆ ನಾಯಿಯ ಮತ್ತು ನಮ್ಮ ಮಕ್ಕಳ ರಕ್ಷಣೆಗೆ. ಇಲ್ಲಿ ಹೋದ ಅರ್ಧ ಕಿವಿ ಯಾರ ರಕ್ಷಣೆಗೆ? ಕತ್ತರಿ ಒಂದೇ, ಲೆಕ್ಕ ಬೇರೆ ಎಂದೆ. ಹುಡುಗಿ ಒಪ್ಪಿ ಕೂತಳು.

ಕತ್ತರಿಸುವವರ ಪರವಾಗಿ ಒಂದು ವಾದವಿದೆ. ಜೋಲು ಕಿವಿಯೊಳಗೆ ಗಾಳಿಯಾಡದೆ ಸೋಂಕಾಗುತ್ತದೆ, ಕತ್ತರಿಸಿದರೆ ಆ ಬಾಧೆ ಇಲ್ಲ ಎಂಬುದು. ನಾಯಿಯ ಕಿವಿನಾಳ ನಮ್ಮದರಂತಲ್ಲ. ಕೆಳಮುಖವಾಗಿ ಇಳಿದು ಆಮೇಲೆ ಅಡ್ಡಕ್ಕೆ ತಿರುಗಿ ತಮಟೆಯನ್ನು ಸೇರುತ್ತದೆ. ಕೊಳೆ ನಿಲ್ಲುವುದು ಆ ತಿರುವಿನಲ್ಲಿ. ಹೊರಗಿನ ಹಾಲೆ ಕತ್ತರಿಸಿದರೆ ತಿರುವು ನೇರವಾಗುವುದಿಲ್ಲ. ಈ ವಾದ ನಿಜವಾಗಿದ್ದರೆ ಮೊದಲು ಕತ್ತರಿಸಬೇಕಾದದ್ದು ಕಿವಿಸೋಂಕಿಗೆ ಹೆಸರಾದ, ಮೊಣಕಾಲುದ್ದದ ಕಿವಿಯ ಕಾಕರ್ ಸ್ಪಾನಿಯಲ್ಲನ್ನು. ಅದರ ಕಿವಿಯನ್ನು ಯಾರೂ ಮುಟ್ಟುವುದಿಲ್ಲ, ಏಕೆಂದರೆ ಅದರಲ್ಲಿ ಜೋಲು ಕಿವಿಯೇ ಚೆಂದವಂತೆ! ಇನ್ನು ಗಾಂಭೀರ್ಯಕ್ಕೆ ನಿಂತ ಕಿವಿಯೇ ಬೇಕೆನ್ನುವವರು ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ನೋಡಲಿ. ಇಳಿಬಿದ್ದ ಕಿವಿಯಲ್ಲೇ ಅದು ಮೊಲವನ್ನು ಬೆನ್ನಟ್ಟುತ್ತದೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಾಗಲೂ ಯಾರೂ ಕಿವಿ ತಿದ್ದಲಿಲ್ಲ.

ಕಾಯಿದೆ ಏನೆನ್ನುತ್ತದೆ?

ನಮ್ಮಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಿದೆ. ಪ್ರಾಣಿಯ ಅಂಗಭಂಗ ಮಾಡುವುದು ಅದರ 11ನೆಯ ಕಲಮಿನ ಪ್ರಕಾರ ಅಪರಾಧ. ದನದ ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಪೋಣಿಸುವುದು ಇವುಗಳನ್ನು ನಿಗದಿತ ರೀತಿಯಲ್ಲಿ ಮಾಡಲು ಅದೇ ಕಲಮು ವಿನಾಯಿತಿ ಕೊಡುತ್ತದೆ. ಆ ಪಟ್ಟಿಯಲ್ಲಿ ನಾಯಿಯ ಕಿವಿಯಿಲ್ಲ. ಭಾರತೀಯ ಪಶುವೈದ್ಯಕೀಯ ಪರಿಷತ್ತು 2011ರಲ್ಲಿ ಚೆಂದಕ್ಕಾಗಿ ಕಿವಿ, ಬಾಲ ಕತ್ತರಿಸಬಾರದೆಂದು ಪತ್ರ ಹೊರಡಿಸಿತು. ಭಾರತದ ಕೆನಲ್ ಕ್ಲಬ್ ಮದ್ರಾಸ್ ಹೈಕೋರ್ಟಿಗೆ ಹೋಯಿತು. 2013ರಲ್ಲಿ ಆ ಪತ್ರ ರದ್ದಾಯಿತು. ಕಾಯಿದೆ ಮಾತ್ರ ರದ್ದಾಗಲಿಲ್ಲ. ಅದರಲ್ಲಿ ಮೊದಲ ತಪ್ಪಿಗೆ ಬರೆದ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಇವತ್ತಿನ ಮಸಾಲೆದೋಸೆಯ ಮುಂದೆ ಮರಿಯ ಕಿವಿ ಅಗ್ಗ.

ಆದ್ದರಿಂದ ಕಾಯಿದೆಗಿಂತ ಗಿರಾಕಿಯ ಬಾಯಿಗೇ ಹೆಚ್ಚು ಬಲ. ಮರಿ ಕೊಳ್ಳುವವರು ಮುಂಗಡ ಕೊಡುವಾಗಲೇ ‘ಕಿವಿ, ಬಾಲ ಮುಟ್ಟಬೇಡಿ, ಹುಟ್ಟಿದಂತೆಯೇ ಕೊಡಿ’ ಎಂದು ಹೇಳಬೇಕು. ಕತ್ತರಿಸಿದ ಮರಿಗೆ ಗಿರಾಕಿಯಿಲ್ಲವೆಂದು ಗೊತ್ತಾದ ದಿನ ಕತ್ತರಿ ತಾನಾಗಿ ಪೆಟ್ಟಿಗೆ ಸೇರುತ್ತದೆ. ತಳಿ ಕೆಡುವುದಿಲ್ಲ, ಕಾವಲು ಕೆಡುವುದಿಲ್ಲ. ಕಳ್ಳನನ್ನು ಹಿಡಿಯುವುದು ಕಿವಿಯ ಒಳಗಿನ ಭಾಗ, ಹೊರಗಿನದಲ್ಲ.

ಇನ್ನು ಉಳಿದದ್ದು ಪತ್ರದ ಕೊನೆಯ ಪ್ರಶ್ನೆ. ಕತ್ತರಿಸಿದವರು ನೀವಲ್ಲ. ಆದರೆ ಕತ್ತರಿಸಿದ ಕಿವಿಗೆಂದು ಹೆಚ್ಚು ದುಡ್ಡು ಕೊಟ್ಟಿದ್ದರೆ ಆ ಕತ್ತರಿಯ ಒಂದು ಅಲಗು ನಿಮ್ಮದೂ ಹೌದು. ಅದನ್ನು ತೀರಿಸುವ ದಾರಿಯೂ ನಿಮ್ಮ ಮನೆಯಲ್ಲೇ ಇದೆ. ಗಾಯ ಮಾಯುವವರೆಗೆ ನೋಡಿಕೊಳ್ಳಿ. ಕಿವಿ ನಿಂತರೂ ಬಿದ್ದರೂ ಮರಿಯನ್ನು ಮಾರಬೇಡಿ, ಬೀದಿಗೆ ಬಿಡಬೇಡಿ. ಹತ್ತು ಹನ್ನೆರಡು ವರ್ಷ ಅದಕ್ಕೆ ಹೊತ್ತು ಹೊತ್ತಿಗೆ ಅನ್ನ, ವರ್ಷ ವರ್ಷ ಲಸಿಕೆ, ದಿನಕ್ಕೆರಡು ಸಲ ನಡಿಗೆ ಕೊಡಿ. ಬೀದಿಯಲ್ಲಿ ಯಾರಾದರೂ ನಿಂತು, ‘ಕಿವಿ ಚೆನ್ನಾಗಿ ಮಾಡಿಸಿದ್ದೀರಿ, ಎಲ್ಲಿ ಮಾಡಿಸಿದಿರಿ?’ ಎಂದು ಕೇಳಿದರೆ ವಿಳಾಸ ಕೊಡಬೇಡಿ. ಆ ರಾತ್ರಿಗಳಲ್ಲಿ ಮರಿ ಹೇಗೆ ಕುಂಯ್‌ಗುಟ್ಟಿತೆಂದು ಹೇಳಿ. ಮುಂದಿನ ಮರಿಗೆ ಅಷ್ಟು ಸಾಕು.